ಚುಕ್ಕೆ ಮಾಯವಾದ ದಿನ

"ಮೀನಿನ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು ಎದ್ದಿದ್ದವು. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಆಹಾರ ಹಾಕಿದೆ. ಐದನೆಯ ದಿನಕ್ಕೆ ಒಂದು ಚುಕ್ಕೆಯೂ ಇಲ್ಲ!" ಕಡಲ ನೀರಿನ ಅಕ್ವೇರಿಯಂ ಇಟ್ಟವರ ಬಾಯಲ್ಲಿ ಈ ಕಥೆ ಕೇಳಿದಾಗಲೆಲ್ಲ ನನಗೆ ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಗಂಟು ಹಾಕಿದ ಮಾತು ನೆನಪಾಗುತ್ತದೆ. ಬೆಳ್ಳುಳ್ಳಿಯ ಬದಲು ತೊಟ್ಟಿಗೆ ತಾಯಿತ ಕಟ್ಟಿದ್ದರೂ ಆ ಚುಕ್ಕೆಗಳು ಹೋಗುತ್ತಿದ್ದವು. ಉಂಡು ಕೊಬ್ಬಿದ ಪರಾವಲಂಬಿ ಸಂತಾನ ಬೆಳೆಸಲು ಮೀನಿನಿಂದ ಇಳಿದುಹೋಗಿದೆ, ಅಷ್ಟೆ.

ಈ ಜೀವಿಯ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. 1951ರಲ್ಲಿ ಬ್ರೌನ್ ಎಂಬ ವಿಜ್ಞಾನಿ ಇಟ್ಟ ಹೆಸರು. ಮೈತುಂಬ ರೋಮದಂಥ ಲೋಮಾಂಗಗಳಿರುವ ಏಕಕೋಶಜೀವಿ. ಸಿಹಿನೀರಿನ ಮೀನುಗಳಿಗೂ ಇಂಥದೇ ಬಿಳಿ ಚುಕ್ಕೆ ಬರುತ್ತದೆ. ಅದನ್ನು ತರುವ ಜೀವಿ ಬೇರೆ, ಇಕ್ತಿಯೊಫ್ತೀರಿಯಸ್. ಇವೆರಡೂ ಅಣ್ಣತಮ್ಮಂದಿರೆಂದು ಬಹುಕಾಲ ನಂಬಲಾಗಿತ್ತು. ವಂಶವಾಹಿಗಳನ್ನು ಹೋಲಿಸಿ ನೋಡಿದರೆ ದೂರದ ನೆಂಟಸ್ತಿಕೆಯಷ್ಟೆ. ಒಂದು ನದಿಯಲ್ಲಿ, ಇನ್ನೊಂದು ಕಡಲಿನಲ್ಲಿ, ಒಂದೇ ಕಸುಬನ್ನು ತಾವೇ ಬೇರೆಬೇರೆಯಾಗಿ ಕಲಿತಿವೆ.

ಆ ಕಸುಬು ಎಂಥದ್ದು ನೋಡಿ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಈಜುಮರಿ ಮೀನನ್ನು ಹುಡುಕಿ ಚರ್ಮದ ಹೊರಪದರದೊಳಗೆ ನುಸುಳುತ್ತದೆ. ಮೂರರಿಂದ ಏಳು ದಿನ ಅಲ್ಲೇ ಊಟ. ನಮಗೆ ಚುಕ್ಕೆಯಾಗಿ ಕಾಣುವುದು ಈ ಹಂತ. ಅದು ಚರ್ಮದ ಮೇಲಿಲ್ಲ, ಚರ್ಮದ ಒಳಗಿದೆ. ಹಾಗಾಗಿ ನೀರಿಗೆ ಹಾಕಿದ ಔಷಧಿ ಅದನ್ನು ಮುಟ್ಟುವುದಿಲ್ಲ, ಮೈ ಶುಚಿಮಾಡುವ ಸಿಗಡಿಯ ಚಿಮಟಕ್ಕೂ ಅದು ಸಿಗುವುದಿಲ್ಲ. ಬೆಳೆದ ಮೇಲೆ ಮೀನಿನಿಂದ ಕಳಚಿಕೊಂಡು ತಳಕ್ಕಿಳಿದು, ಮರಳಿಗೋ ಕಲ್ಲಿಗೋ ಅಂಟಿಕೊಂಡು, ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಬಾಗಿಲು ಹಾಕಿಕೊಂಡ ಕೋಟೆ. ಅಲ್ಲಿಗೂ ಔಷಧಿ ಹೋಗದು. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಸುಮಾರು ಇನ್ನೂರು ಮರಿಗಳಾಗುತ್ತವೆ. ರಕ್ತಬೀಜಾಸುರನ ಕಥೆಯಲ್ಲಿ ನೆಲಕ್ಕೆ ಬಿದ್ದ ಒಂದು ಹನಿಯಿಂದ ಒಬ್ಬ ರಾಕ್ಷಸ ಏಳುತ್ತಿದ್ದ. ಇಲ್ಲಿ ಒಂದು ಚುಕ್ಕೆಯಿಂದ ಇನ್ನೂರು.

ಹೊತ್ತಿನ ಲೆಕ್ಕವೂ ಇದೆ. ಪರಾವಲಂಬಿ ಮೀನಿನಿಂದ ಇಳಿಯುವುದು ಹೆಚ್ಚಾಗಿ ಕತ್ತಲಲ್ಲಿ, ಮೀನು ತನ್ನ ಮಲಗುವ ಪೊಟರೆಯಲ್ಲಿ ಅಲುಗದೆ ಇರುವಾಗ. ಮರಿಗಳು ಕವಚ ಒಡೆದು ಹೊರಬರುವುದೂ ಕತ್ತಲಲ್ಲೇ. ಅಂದರೆ ಮೀನಿನ ಹಾಸಿಗೆಯ ಪಕ್ಕದಲ್ಲೇ ಇಳಿದು, ಕೆಲವು ದಿನಗಳ ನಂತರ ಅದೇ ಹಾಸಿಗೆಯಲ್ಲಿ ಮೀನು ಮಲಗಿರುವಾಗಲೇ ಮೇಲೇಳುತ್ತವೆ. ಮೆದುಳೆಂಬುದೇ ಇಲ್ಲದ ಒಂದು ಕೋಶಕ್ಕೆ ಈ ಪಂಚಾಂಗ ಯಾರು ಬರೆದುಕೊಟ್ಟರು? ಹೊತ್ತು ತಪ್ಪಿ ಹೊರಬಂದವು ಹಸಿದು ಸತ್ತವು. ಹೊತ್ತಿಗೆ ಬಂದವುಗಳ ಸಂತಾನ ಉಳಿಯಿತು. ನನಗಂತೂ ಈ ಹುಳುವಿನ ಮೇಲೆ ಸಿಟ್ಟಿಗಿಂತ ಬೆರಗೇ ಹೆಚ್ಚು. (ಹುಳುವಲ್ಲ, ಗೊತ್ತು. ಬಾಯಿಗೆ ಬರುವುದು ಹಾಗೆ.)

ಇಷ್ಟಾದರೂ ಕಡಲಿನಲ್ಲಿ ಮೀನುಗಳೆಲ್ಲ ಸಾಯುವುದಿಲ್ಲವಲ್ಲ? ಈಜುಮರಿಗೆ ಸಿಗುವ ಗಡುವು ಒಂದೆರಡು ದಿನ ಮಾತ್ರ. ಅಷ್ಟರೊಳಗೆ ಮೀನು ಸಿಗದಿದ್ದರೆ ಸಾವು. ಇನ್ನೂರರಲ್ಲಿ ಸರಾಸರಿ ಒಂದು ಗುರಿ ಮುಟ್ಟಿದರೆ ಪರಾವಲಂಬಿಯ ಸಂಖ್ಯೆ ಇದ್ದಷ್ಟೇ ಇರುತ್ತದೆ. ಅದೇ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತು ಗುರಿ ಮುಟ್ಟಿದವು ಎನ್ನಿ. ಒಂದು ಇಪ್ಪತ್ತಾಗಿ, ಇಪ್ಪತ್ತು ನಾನೂರಾಗಿ, ಮೂರನೆಯ ಸುತ್ತಿಗೆ ಎಂಟು ಸಾವಿರ. ಪರಾವಲಂಬಿ ಬದಲಾಗಲಿಲ್ಲ, ಮೀನೂ ಬದಲಾಗಲಿಲ್ಲ, ನೀರು ಕಡಿಮೆಯಾಯಿತು. ಗುಂಪು ಒಂದು ಮಿತಿಗಿಂತ ದಟ್ಟವಾದಾಗಲೇ ಸೋಂಕು ಹಬ್ಬುತ್ತದೆ ಎಂಬುದನ್ನು ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಮನುಷ್ಯರ ಸಾಂಕ್ರಾಮಿಕಗಳಿಗಾಗಿ ಗಣಿತದಲ್ಲಿ ತೋರಿಸಿದ್ದರು. ತೊಟ್ಟಿಯ ಮೀನಿಗೂ ಅದೇ ಗಣಿತ.

"ಒತ್ತಡದಿಂದ ರೋಗ ಬಂತು" ಎನ್ನುವವರಿದ್ದಾರೆ. ಒತ್ತಡ ಮೀನಿನ ತಡೆಶಕ್ತಿಯನ್ನು ತಗ್ಗಿಸುತ್ತದೆ, ನಿಜ. ಆದರೆ ಇಲ್ಲದ ಪರಾವಲಂಬಿಯನ್ನು ಅದು ಹುಟ್ಟಿಸಲಾರದು. ಕೊಳೆತ ಮಾಂಸದಲ್ಲಿ ಹುಳು ತಾನಾಗಿ ಹುಟ್ಟುವುದಿಲ್ಲ, ನೊಣ ಮೊಟ್ಟೆಯಿಟ್ಟರಷ್ಟೇ ಹುಟ್ಟುತ್ತದೆ ಎಂದು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲೇ ತೋರಿಸಿದ. ರೋಗ ತೊಟ್ಟಿಗೆ ಬಂದದ್ದು ಹೊಸ ಮೀನಿನ ಕಿವಿರಿನಲ್ಲಿ ಅಡಗಿ, ಇಲ್ಲವೇ ಹೊಸ ಕಲ್ಲು, ಹವಳ, ನೀರಿನ ಜೊತೆ. ಕಿವಿರಿನಲ್ಲಿದ್ದರೆ ಚುಕ್ಕೆ ಕಾಣುವುದೂ ಇಲ್ಲ.

ಕಿವಿರು ಹಾಳಾದ ಮೀನಿಗೆ ಇಕ್ಕಟ್ಟು ಇನ್ನೊಂದು ಪೆಟ್ಟು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಕಡಲ ನೀರು ಹಿಡಿಯುವುದು ಸುಮಾರು 6.7 ಮಾತ್ರ. 1846ರಲ್ಲಿ ಲಂಡನ್ನಿನ ಮನೆಯೊಳಗೆ ಹವಳ ಸಾಕಿದ ಅನ್ನಾ ಥಿನ್ ನೀರಿಗೆ ಗಾಳಿ ಬೆರೆಸಬೇಕೆಂದು ಊಹಿಸಿದ್ದರು. ಪಂಪ್ ಇಲ್ಲದ ಕಾಲ. ತೆರೆದ ಕಿಟಕಿಯ ಮುಂದೆ ಕಡಲ ನೀರನ್ನು ಪಾತ್ರೆಯಿಂದ ಪಾತ್ರೆಗೆ ಅರ್ಧ ಮುಕ್ಕಾಲು ಗಂಟೆ ಹೊಯ್ಯಿಸುತ್ತಿದ್ದರಂತೆ. ಪಂಪ್ ಇರುವ ನಾವು ಮೀನು ತುಂಬುವಾಗ ಉದ್ದವನ್ನಷ್ಟೇ ಅಳೆಯುತ್ತೇವೆ. ಹತ್ತು ಸೆಂಟಿಮೀಟರಿನ ಎರಡು ಮೀನಿನ ಬದಲು ಇಪ್ಪತ್ತರ ಒಂದು ಮೀನು ಬಿಟ್ಟರೆ ಸರಿಹೋಯಿತು ಎಂಬ ಲೆಕ್ಕ ತಪ್ಪು. ಉದ್ದ ಇಮ್ಮಡಿಯಾದರೆ ಅಗಲ, ಎತ್ತರಗಳೂ ಇಮ್ಮಡಿ, ತೂಕ ಎಂಟು ಪಟ್ಟು. ಅಂಗಡಿಯಲ್ಲಿ ನಾಣ್ಯದಷ್ಟಿರುವ ನೀಲಿ ಟ್ಯಾಂಗ್ ಮೂವತ್ತು ಸೆಂಟಿಮೀಟರ್ ಬೆಳೆಯುವ ಮೀನು. ಬೆಳೆದ ಮೇಲಿನ ಮೀನಿಗೆ ಜಾಗವಿದೆಯೇ ಎಂದು ಕೇಳಿಕೊಳ್ಳಬೇಕು. ತೊಟ್ಟಿಯ ಅಳತೆಯಲ್ಲಿ ಕಲ್ಲು ಮರಳು ನುಂಗಿದ ಪಾಲನ್ನೂ ಕಳೆಯಬೇಕು.

ಚಿಕಿತ್ಸೆಯ ಗುಟ್ಟು ಈಗ ನಿಮಗೇ ಹೊಳೆದಿರಬಹುದು: ಏಟು ತಗಲುವುದು ಈಜುಮರಿಗೆ ಮಾತ್ರ. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಅಯಾನು ರೂಪದ (ನೀರಿನಲ್ಲಿ ಬೇರೇನಕ್ಕೂ ಅಂಟದೆ ಬಿಡಿಯಾಗಿ ಕರಗಿದ) ತಾಮ್ರ ಅದನ್ನು ಕೊಲ್ಲುತ್ತದೆ. ಮೂರ್ನಾಲ್ಕು ವಾರ ಆ ಮಟ್ಟ ಬೀಳದಂತೆ ದಿನವೂ ಅಳೆಯಬೇಕು, ಏರಿದರೆ ಮೀನಿಗೇ ವಿಷ. ಬೇರೆ ಬಗೆಯ ತಾಮ್ರದ ಔಷಧಿಗೆ ಪ್ರಮಾಣವೂ ಬೇರೆ. ಪೊಟ್ಟಣದ ಮೇಲಿನದನ್ನೇ ಪಾಲಿಸಬೇಕು. ಹವಳ, ಸಿಗಡಿ, ಬಸವನಹುಳುಗಳಿಗೆ ತಾಮ್ರ ಮರಣಶಾಸನ, ಸುಣ್ಣದ ಕಲ್ಲುಗಳು ಅದನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಕಲ್ಲು ಮರಳಿಲ್ಲದ ಇನ್ನೊಂದು ತೊಟ್ಟಿ ಬೇಕೇ ಬೇಕು. ತಾಮ್ರ ಬೇಡವೆನ್ನುವವರಿಗೆ ಇನ್ನೊಂದು ದಾರಿ: ಮೂರು ದಿನಕ್ಕೊಮ್ಮೆ, ಒಟ್ಟು ನಾಲ್ಕು ಬಾರಿ, ಒಣಗಿಸಿ ಶುಚಿಮಾಡಿದ ತೊಟ್ಟಿಗೆ ಹೊಸ ನೀರು ತುಂಬಿ ಮೀನನ್ನು ದಾಟಿಸುವುದು. ಇಳಿದ ಪರಾವಲಂಬಿ ಹಿಂದೆಯೇ ಉಳಿಯುತ್ತದೆ, ಅದರ ಮರಿಗಳು ಏಳುವಷ್ಟರಲ್ಲಿ ಮೀನು ಅಲ್ಲಿರುವುದಿಲ್ಲ. ಹೊಸದಾಗಿ ತಂದ ಮೀನಿಗೂ ಮೊದಲು ಹೀಗೆ ಬೇರೆ ತೊಟ್ಟಿಯಲ್ಲೇ ವಾಸ.

ರೋಗದ ಎಲ್ಲ ಮೀನುಗಳನ್ನೂ, ಚುಕ್ಕೆಯಿಲ್ಲದವನ್ನೂ, ಹೊರತೆಗೆದ ಮೇಲೆ ದೊಡ್ಡ ತೊಟ್ಟಿ ಮೀನಿಲ್ಲದೆ ಕಾಯಬೇಕು. ಕವಚದೊಳಗಿನ ಮರಿಗಳು ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಹೊರಬರುತ್ತವೆ. ಆದರೆ 72 ದಿನ ತೆಗೆದುಕೊಂಡ ದಾಖಲೆಯೂ ಇದೆ. ಅನುಭವಿಗಳು 76 ದಿನ ಎಣಿಸುವುದು ಅದಕ್ಕೇ. ಅಷ್ಟು ದಿನ ಸಿಗಡಿ ಓಡಾಡುತ್ತಿರುತ್ತದೆ, ಹವಳ ಅರಳುತ್ತಿರುತ್ತದೆ. ಯಾವುದೋ ರಾತ್ರಿ, ಮೀನು ಮಲಗುತ್ತಿದ್ದ ಪೊಟರೆಯ ಬಳಿ, ಕೊನೆಯ ಇನ್ನೂರು ಮರಿಗಳು ಹೊತ್ತಿಗೆ ಸರಿಯಾಗಿ ಎದ್ದು ಖಾಲಿ ನೀರಿನಲ್ಲಿ ಎರಡು ದಿನ ಈಜುತ್ತವೆ.