ಟ್ರೇಡ್‌ಮಾರ್ಕ್ ಶೋಧ: ಹುಡುಕಿದಾಗ ಕಾಣದ ಆರು ತಿಂಗಳು

ಟ್ರೇಡ್‌ಮಾರ್ಕ್ ಕಚೇರಿಯ ದತ್ತಾಂಶದಲ್ಲಿ ಹೆಸರು ಹುಡುಕುವುದು, ಸಿಗದಿದ್ದರೆ ನೋಂದಣಿಗೆ ಅರ್ಜಿ ಹಾಕುವುದು. ಈ ಪಾಠ ಇಷ್ಟೇ ಎಂದುಕೊಂಡು ಓದಲು ಕುಳಿತೆ. ‘ಆದ್ಯತೆ ಹಕ್ಕು’ ಎಂಬಲ್ಲಿ ಎರಡು ದಿನ ಸಿಕ್ಕಿಕೊಂಡೆ. ಗಂಟು ಬಿಚ್ಚಿದ ಬಗೆ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ವರ್ಗಗಳ ವಿಷಯ ಸುಲಭ. ಟ್ರೇಡ್‌ಮಾರ್ಕ್ ಯಾವುದಕ್ಕೆ ಎಂದು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಾದ ನೀಸ್ ವರ್ಗೀಕರಣದಲ್ಲಿ 1ರಿಂದ 34 ಸರಕು, 35ರಿಂದ 45 ಸೇವೆ. ನಮ್ಮ ವರ್ಗವೊಂದನ್ನೇ ನೋಡಿದರೆ ಸಾಲದು: ಉಡುಪು 25ರಲ್ಲಿದೆ, ಉಡುಪು ಮಾರುವ ಸೇವೆ 35ರಲ್ಲಿದೆ, ಆದರೆ ಕೊಳ್ಳುವವರು ಎರಡನ್ನೂ ಒಂದೇ ಮೂಲದ್ದೆಂದು ತಿಳಿಯಬಹುದು.

ಈಗ ಆದ್ಯತೆ ಹಕ್ಕು. 1883ರ ಪ್ಯಾರಿಸ್ ಒಪ್ಪಂದದ ಪ್ರಕಾರ, ಒಂದು ಸದಸ್ಯ ದೇಶದಲ್ಲಿ ಮೊದಲ ಅರ್ಜಿ ಹಾಕಿದವರು ಆರು ತಿಂಗಳೊಳಗೆ ಇನ್ನೊಂದು ಸದಸ್ಯ ದೇಶದಲ್ಲಿ ಅರ್ಜಿ ಹಾಕಿದರೆ, ಅಲ್ಲಿಯೂ ಮೊದಲ ಅರ್ಜಿಯ ದಿನಾಂಕವನ್ನೇ ಕೇಳಬಹುದು. ದಿನಾಂಕ ಇಟ್ಟು ನೋಡಿದಾಗಲೇ ನನಗೆ ಅರ್ಥವಾಯಿತು. ನಾನು ಮಾರ್ಚ್ 1ರಂದು ಹುಡುಕಿದೆ, ಏನೂ ಸಿಗಲಿಲ್ಲ, 10ರಂದು ಅರ್ಜಿ ಹಾಕಿದೆ. ಇನ್ನೊಬ್ಬರು ಜನವರಿ 5ರಂದೇ ಬೇರೆ ದೇಶದಲ್ಲಿ ಅದೇ ಹೆಸರಿಗೆ ಅರ್ಜಿ ಹಾಕಿದ್ದರು. ಜುಲೈ 1ರಂದು ಇಲ್ಲಿಗೆ ಬಂದರು. ಅವರ ದಿನಾಂಕ ಜನವರಿ 5 ಎಂದೇ ಎಣಿಕೆ. ಜುಲೈನಲ್ಲಿ ಬಂದವರು ಮಾರ್ಚ್‌ನಲ್ಲಿ ಬಂದ ನನಗಿಂತ ಹಿರಿಯರು! ನನ್ನ ಶೋಧದಲ್ಲಿ ತಪ್ಪಿರಲಿಲ್ಲ; ಇಲ್ಲಿಯ ದತ್ತಾಂಶದಲ್ಲಿ ಅಂದು ಅವರು ಇರಲೇ ಇಲ್ಲ.

ಹಾಗಾದರೆ ಹುಡುಕಿ, ಆರು ತಿಂಗಳು ಕಾದು, ಮತ್ತೆ ಹುಡುಕಿ ಅರ್ಜಿ ಹಾಕಿದರಾಯಿತಲ್ಲ ಎಂದುಕೊಂಡೆ. ನಾನು ಎಡವಿದ್ದು ಇಲ್ಲಿಯೇ. ಆರು ತಿಂಗಳನ್ನು ನನ್ನ ಶೋಧದ ದಿನದಿಂದ ಎಣಿಸುತ್ತಿದ್ದೆ. ಎಣಿಸಬೇಕಾದದ್ದು ಅವರ ಮೊದಲ ಅರ್ಜಿಯಿಂದ. ನಾನು ಕಾಯುವ ಪ್ರತಿ ದಿನವೂ ಎಲ್ಲೋ ಒಬ್ಬರು ಹೊಸದಾಗಿ ಅರ್ಜಿ ಹಾಕಬಹುದು, ಅವರ ಆರು ತಿಂಗಳು ಅಂದಿನಿಂದ ಶುರು. ಕಾಣದ ಅವಧಿ ನೆರಳಿನಂತೆ ನನ್ನ ಜೊತೆಗೇ ಸರಿಯುತ್ತದೆ. ಅದನ್ನು ಒಂದೆಡೆ ನಿಲ್ಲಿಸುವುದು ನನ್ನ ಅರ್ಜಿ ಮಾತ್ರ. ಅರ್ಜಿ ಸಲ್ಲಿಸಿದ ಮೇಲೆ ಹೊಸದಾಗಿ ಬರುವವರು ನನಗಿಂತ ಕಿರಿಯರು. ಅದಕ್ಕೆ ಮೊದಲು ಬೇರೆಡೆ ಅರ್ಜಿ ಹಾಕಿದವರ ಗಡುವು ಆರು ತಿಂಗಳಲ್ಲಿ ತೀರುತ್ತದೆ.

ಅದಕ್ಕೇ ತಡವೂ ಒಂದು ಅಪಾಯವೇ ಎನ್ನುವುದು. ವಾರಗಟ್ಟಲೆ ಪೂರ್ಣ ಶೋಧದ ವರದಿಗೆ ಕಾಯುತ್ತಿದ್ದರೆ ಆ ನಡುವೆ ಬೇರೆಯವರು ಮುಂದೆ ಹೋಗಬಹುದು. ನನಗೆ ಸರಿ ಕಂಡ ಕ್ರಮ: ಮೊದಲು ತ್ವರಿತ ಶೋಧ, ಢಾಳಾದ ಅಡ್ಡಿ ಇಲ್ಲದಿದ್ದರೆ ಅರ್ಜಿ, ಅದರ ಬೆನ್ನಿಗೆ ಪೂರ್ಣ ಶೋಧ. ವರದಿ ಕೆಟ್ಟದಾಗಿದ್ದರೆ ಅರ್ಜಿ ಶುಲ್ಕ ಹೋದೀತು. ಹೆಸರು ಅಚ್ಚಾದ ಮೇಲೆ ಬದಲಿಸುವ ನಷ್ಟಕ್ಕೆ ಹೋಲಿಸಿದರೆ ಅದು ಸಣ್ಣದು.

ತ್ವರಿತ ಶೋಧದಲ್ಲೂ ಅಕ್ಷರಕ್ಕಿಂತ ಉಚ್ಚಾರಣೆ ಮುಖ್ಯ. ರೋಮನ್ ಲಿಪಿಯಲ್ಲಿ ಕೆ ಇದ್ದಲ್ಲಿ ಸಿ, ಕ್ಯೂ ಹಾಕಿಯೂ ನೋಡಬೇಕು. ಚಿತ್ರಚಿಹ್ನೆ ಪದಶೋಧಕ್ಕೆ ಸಿಗದು. ಅದಕ್ಕೆ ವಿಯೆನ್ನಾ ವರ್ಗೀಕರಣದ ಸಂಕೇತಗಳಿವೆ. ನೋಂದಣಿಯಿಲ್ಲದೆ ಬಳಕೆಯಿಂದಲೇ ಹಕ್ಕು ಹುಟ್ಟುವ ದೇಶಗಳಲ್ಲಿ ಮಾರುಕಟ್ಟೆಯನ್ನೂ ಜಾಲತಾಣಗಳನ್ನೂ ಹುಡುಕಲೇಬೇಕು.

ಮೇಲಿನ ಉದಾಹರಣೆಗೆ ಮರಳಿದರೆ, ಮಾರ್ಚ್ 10ರ ನನ್ನ ಅರ್ಜಿಗೆ ಮೊದಲು ಬೇರೆಡೆ ಅರ್ಜಿ ಹಾಕಿದವರ ಆದ್ಯತೆಯ ಅವಧಿ ತೀರುವುದು ಸೆಪ್ಟೆಂಬರ್ 10ರ ಹೊತ್ತಿಗೆ. ಹೊಸ ಅರ್ಜಿಗಳು ದತ್ತಾಂಶದಲ್ಲಿ ಕಾಣಿಸಿಕೊಳ್ಳಲು ಬೇಕಾದ ದಿನಗಳನ್ನು ಅದಕ್ಕೆ ಕೂಡಿಸಿ, ಆಗ ಇನ್ನೊಮ್ಮೆ ಹುಡುಕಬೇಕು.