ಕೂದಲು ತಾನೇ, ನಕ್ಕು ಸುಮ್ಮನಾಗಮ್ಮ

ಡಿಗ್ರಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ಪೀರಿಯಡ್ ನೆನಪಿರುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ 'ದಿ ರೇಪ್ ಆಫ್ ದಿ ಲಾಕ್' ಎಂದು ಬರೆಯುತ್ತಾರೆ. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ಹುಡುಗಿಯರು ತಲೆ ತಗ್ಗಿಸಿ ನೋಟ್ಸ್ ಬರೆಯಲು ಶುರು ಮಾಡುತ್ತಾರೆ. ಆಮೇಲೆ ಮೇಷ್ಟ್ರ ಸಮಜಾಯಿಷಿ: "ಲಾಕ್ ಅಂದರೆ ಬೀಗ ಅಲ್ಲ, ಮುಂಗುರುಳು. ರೇಪ್ ಅಂದರೂ ನೀವಂದುಕೊಂಡ ಅರ್ಥ ಅಲ್ಲ, ಸುಮ್ನೆ ಕಿತ್ತುಕೊಳ್ಳುವುದು ಅಂತ." ನಮ್ಮ ಕ್ಲಾಸಿನಲ್ಲೂ ಹೀಗೇ ಆಯಿತು. ಮೇಷ್ಟ್ರು ಹೇಳಿದ್ದು ಅರ್ಧ ನಿಜ ಅಂತ ಗೊತ್ತಾಗಲು ನನಗೆ ಬಹಳ ವರ್ಷ ಬೇಕಾಯಿತು.

ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ಕಸಿದುಕೊಳ್ಳುವುದು, ಹೊತ್ತೊಯ್ಯುವುದು ಎಂಬ ಅರ್ಥ ಇದ್ದದ್ದು ಹೌದು. ಇಂಗ್ಲೆಂಡಿನ 1275ರ ವೆಸ್ಟ್‌ಮಿನ್‌ಸ್ಟರ್ ಕಾನೂನು ಹೆಣ್ಣನ್ನು ಹೊತ್ತೊಯ್ಯುವುದನ್ನೂ ಬಲಾತ್ಕಾರವನ್ನೂ ಒಂದೇ ಉಸಿರಿನಲ್ಲಿ ಹೇಳಿತ್ತು. ಆದರೆ ಕವಿ ಅಲೆಗ್ಸಾಂಡರ್ ಪೋಪ್ ಈ ಕಾವ್ಯ ಬರೆಯುವ ಹೊತ್ತಿಗೆ ಈಗಿನ ಅರ್ಥವೂ ಚೆನ್ನಾಗಿ ಬಳಕೆಯಲ್ಲಿತ್ತು. ಎರಡೂ ಅರ್ಥ ಒಟ್ಟಿಗೆ ಕೇಳಿಸಲಿ ಅಂತಲೇ ಅವನು ಆ ಪದ ಹಾಕಿದ್ದು. ಜೋಕ್ ಇರುವುದೇ ಅಲ್ಲಿ.

ನಡೆದದ್ದು ಇಷ್ಟು. 1711ರ ಸುಮಾರಿಗೆ ಲಾರ್ಡ್ ಪೀಟರ್ ಎಂಬ ಯುವ ಶ್ರೀಮಂತ, ಅರಬೆಲ್ಲಾ ಫರ್ಮರ್ ಎಂಬ ಯುವತಿಯ ಮುಂಗುರುಳನ್ನು ಅವಳನ್ನು ಕೇಳದೆ ಕತ್ತರಿಸಿಕೊಂಡ. ಅವಳಿಗೆ ಸಿಟ್ಟು ಬಂತು, ಎರಡು ಮನೆಗಳ ನಡುವೆ ಮನಸ್ತಾಪ ಆಯಿತು. ಎರಡೂ ಕ್ಯಾಥೊಲಿಕ್ ಮನೆತನಗಳು. ಆಗಿನ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರೇ ಕಡಿಮೆ, ಕೊಡುವುದು ತರುವುದು ಎಲ್ಲ ತಮ್ಮತಮ್ಮೊಳಗೇ, ಹಾಗಾಗಿ ಜಗಳ ಬೆಳೆದರೆ ಕಷ್ಟ. ಜಾನ್ ಕ್ಯಾರಿಲ್ ಎಂಬ ಹಿತೈಷಿ ತನ್ನ ಗೆಳೆಯ ಪೋಪನಿಗೆ ಹೇಳಿದ: ಇದನ್ನು ತಮಾಷೆ ಮಾಡಿ ಒಂದು ಪದ್ಯ ಬರಿ, ನಕ್ಕು ಒಂದಾಗಲಿ.

ಅಂದರೆ ಈ ಕಾವ್ಯ ಹುಟ್ಟಿದ್ದೇ ರಾಜಿ ಪಂಚಾಯಿತಿಗೆ. ಕತ್ತರಿ ಆಡಿಸಿದವನು ನಗುವುದಕ್ಕೆ ಪದ್ಯ ಬೇಕಿರಲಿಲ್ಲ, ಅವನು ಆಗಲೇ ನಗುತ್ತಿದ್ದ. ನಗಿಸಬೇಕಾಗಿದ್ದದ್ದು ಅವಳನ್ನು.

1712ರಲ್ಲಿ ಎರಡು ಸರ್ಗಗಳ ಮೊದಲ ರೂಪ ಬಂತು. 1714ರಲ್ಲಿ ಐದು ಸರ್ಗಗಳಾಗಿ ಬೆಳೆದು, ನಾಲ್ಕು ದಿನಕ್ಕೆ ಮೂರು ಸಾವಿರ ಪ್ರತಿ ಖರ್ಚಾಯಿತು ಎಂದು ಪೋಪನೇ ಹೇಳಿಕೊಂಡಿದ್ದಾನೆ. ಇದು ಅಣಕು ಮಹಾಕಾವ್ಯ. ಹೋಮರ್, ವರ್ಜಿಲ್ ಯುದ್ಧ ಹಾಡಿದ ಠೀವಿಯಲ್ಲೇ ಚಿಲ್ಲರೆ ಜಗಳವನ್ನು ಹಾಡುವುದು. ಪೋಪನಿಗಿಂತ ಮೊದಲೇ ಇಟಲಿಯ ತಾಸ್ಸೋನಿ ಕದ್ದ ಬಕೆಟ್ಟಿಗಾಗಿ ನಡೆದ ಯುದ್ಧ ಬರೆದಿದ್ದ, ಫ್ರಾನ್ಸಿನ ಬ್ವಾಲೋ ಚರ್ಚಿನ ಒಂದು ಪೀಠದ ಮೇಲೆ ಪಾದ್ರಿಗಳ ಕಿತ್ತಾಟ ಬರೆದಿದ್ದ. ಬಕೆಟ್ಟಿಗೆ ನೋವಾಗುವುದಿಲ್ಲ, ಪೀಠಕ್ಕೂ ಇಲ್ಲ. ಪೋಪ್ ಅದೇ ಜಾಗದಲ್ಲಿ ಹೆಣ್ಣಿನ ತಲೆಯನ್ನು ತಂದಿಟ್ಟ. ವಿಷಯ ಚಿಕ್ಕದು ಎಂದು ಓದುವವರು ಮೊದಲೇ ಒಪ್ಪಿಕೊಂಡಿದ್ದರೆ ಮಾತ್ರ ಅಣಕು ಕೆಲಸ ಮಾಡುತ್ತದೆ. ಒಪ್ಪದೇ ಇದ್ದರೆ ನಗು ಬರುವುದಿಲ್ಲ, ಅಷ್ಟೇ.

ಕಾವ್ಯದ ಒಳಗೆ ಹೋದರೆ ಮಾತ್ರ ಪೋಪ್ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಮುಂಗುರುಳು ಬಲದಿಂದ ದಕ್ಕಲಿ, ಮೋಸದಿಂದ ದಕ್ಕಲಿ ಎಂದು ಹೊಂಚು ಹಾಕುವ ಬ್ಯಾರನ್ (ಕಾವ್ಯದೊಳಗಿನ ಲಾರ್ಡ್ ಪೀಟರ್) ಬಗ್ಗೆ ಅವನು ಹೇಳುತ್ತಾನೆ: ಪ್ರೇಮಿಗೆ ಜಯ ಸಿಕ್ಕ ಮೇಲೆ, ಅದು ಬಲದಿಂದಲೋ ಮೋಸದಿಂದಲೋ ಅಂತ ಕೇಳುವವರು ಕಡಿಮೆ. ಈ ಸಾಲು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ನಾಯಕಿ ಬೆಲಿಂಡಾಳ ಕೂದಲು ಹೋದ ಮೇಲೆ ಗೆಳತಿ ಥಲೆಸ್ಟ್ರಿಸ್‌ಗೆ ಮೊದಲು ಹೆದರಿಕೆಯಾಗುವುದು ಜನ ಏನಂತಾರೋ ಎಂದು. ಗುಸುಗುಸುವಿನಲ್ಲೇ ಮಾನ ಹೋಗುತ್ತದೆ ಎನ್ನುತ್ತಾಳೆ. ಬೆಲಿಂಡಾ ಒಂದು ಹೆಜ್ಜೆ ಮುಂದೆ ಹೋಗಿ, ಅಯ್ಯೋ ಕ್ರೂರಿ, ಕಣ್ಣಿಗೆ ಕಾಣದ ಬೇರೆ ಕೂದಲನ್ನಾದರೂ ತಗೊಳ್ಳಬಾರದಿತ್ತೇ ಎಂದು ಗೋಳಿಡುತ್ತಾಳೆ. ಪೋಲಿ ಜೋಕ್ ಹೌದು. ಜೊತೆಗೆ, ಹೊರಗೆ ಕಾಣದಿದ್ದರೆ ಏನು ಬೇಕಾದರೂ ಆಗಲಿ ಎನ್ನುವಂತೆ ಹೆಣ್ಣುಮಕ್ಕಳನ್ನು ಬೆಳೆಸಿದ ಸಮಾಜದ ಮುಖಕ್ಕೂ ಬಿದ್ದ ಏಟು. ನಮ್ಮ ಪತ್ರಿಕೆಗಳು ಬಹಳ ಕಾಲ ಅತ್ಯಾಚಾರಕ್ಕೆ 'ಮಾನಭಂಗ' ಎಂದು ಬರೆದದ್ದು ನೆನಪಿದೆ ಅಲ್ವಾ? ಪೆಟ್ಟು ಬಿದ್ದದ್ದು ಮೈಗೆ, ಲೆಕ್ಕ ಬರೆದದ್ದು ಮಾನದ ಖಾತೆಯಲ್ಲಿ.

ಆದರೆ ಅದೇ ಪೋಪ್ ಇನ್ನೊಂದು ಕೆಲಸವನ್ನೂ ಮಾಡುತ್ತಾನೆ. ಬೆಲಿಂಡಾಳನ್ನು ಕಾಯಲು ಏರಿಯಲ್ ಎಂಬ ಗಾಳಿದೇವತೆ ಇದೆ. ಕತ್ತರಿ ಹತ್ತಿರ ಬಂದಾಗ ಅದು ಅವಳ ಎದೆಯೊಳಗೆ ಇಣುಕಿ ನೋಡುತ್ತದೆ. ಅಲ್ಲಿ ಯಾರೋ ಒಬ್ಬ ಪ್ರೇಮಿಯ ನೆರಳು. ತಕ್ಷಣ ಕೈಚೆಲ್ಲಿ ಸರಿದು ಹೋಗುತ್ತದೆ. ಅವಳಿಗೂ ಮನಸ್ಸಿತ್ತು ಬಿಡಿ ಅನ್ನುವ ಮಾತಿಗೆ ಇದಕ್ಕಿಂತ ಚೆಂದದ ವೇಷ ಸಿಗಲಾರದು. 1717ರಲ್ಲಿ ಕ್ಲಾರಿಸಾ ಎಂಬ ಪಾತ್ರದ ಒಂದು ಭಾಷಣವೂ ಕಾವ್ಯಕ್ಕೆ ಸೇರಿತು: ಕಿರುಚಾಡಿದರೆ ಆಗದ ಕೆಲಸ ಹಸನ್ಮುಖದಿಂದ ಆಗುತ್ತದೆ, ರೂಪ ಎಷ್ಟು ದಿನ ಇದ್ದೀತು. ಬುದ್ಧಿವಾದ ಸರಿಯಾಗೇ ಇದೆ ಅನ್ನಿ. ಬ್ಯಾರನ್ ಕೈಗೆ ಕತ್ತರಿ ಕೊಟ್ಟವಳು ಇದೇ ಕ್ಲಾರಿಸಾ ಅನ್ನುವುದೊಂದನ್ನು ಮರೆಯಬಾರದು.

ನಿಜವಾದ ಅರಬೆಲ್ಲಾ ನಕ್ಕಳಾ? ಪದ್ಯ ಅಚ್ಚಾದ ಮೇಲೆ ಅವಳಿಗೆ ಬೇಜಾರಾದ ಸುದ್ದಿ ಪೋಪನಿಗೆ ತಲುಪಿತು. ಅವನು ಪತ್ರವೊಂದರಲ್ಲಿ ಬರೆಯುತ್ತಾನೆ, ವಿಚಿತ್ರ ಏನೆಂದರೆ ಅವಳಿಗೆ ಕೋಪ ಬಂದಿರುವುದು ತನ್ನ ಮೇಲಲ್ಲ, ನನ್ನ ಮೇಲೆ ಅಂತ. ಕೂದಲು ಕಳೆದುಕೊಂಡವಳು ತನ್ನ ಮೇಲೆ ತಾನೇ ಕೋಪ ಮಾಡಿಕೊಳ್ಳಬೇಕಿತ್ತಂತೆ! 1714ರ ಆವೃತ್ತಿಯನ್ನು ಅವಳಿಗೇ ಅರ್ಪಿಸಿದ. ಅದರಲ್ಲಿ, ತಮ್ಮ ಸಣ್ಣಪುಟ್ಟ ಹುಚ್ಚಾಟಗಳಿಗೆ ತಾವೇ ನಗುವಷ್ಟು ಒಳ್ಳೆಯ ಬುದ್ಧಿ, ಒಳ್ಳೆಯ ಮನಸ್ಸು ಇರುವ ಹೆಣ್ಣುಮಕ್ಕಳಿಗಾಗಿ ಬರೆದದ್ದು ಎಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾವ್ಯದ ಹೊರಗೆ ಆ ಕಾಲ ಹೇಗಿತ್ತು? 1730ರಲ್ಲಿ ಕರ್ನಲ್ ಫ್ರಾನ್ಸಿಸ್ ಚಾರ್ಟರಿಸ್ ಎಂಬ ಸಿರಿವಂತ, ಮನೆಗೆಲಸದವಳ ಮೇಲೆ ಅತ್ಯಾಚಾರ ಮಾಡಿದ್ದು ಸಾಬೀತಾಗಿ ಲಂಡನ್ನಿನಲ್ಲಿ ಮರಣದಂಡನೆ ಆಯಿತು. ಕೆಲವೇ ವಾರಗಳಲ್ಲಿ ರಾಜನಿಂದ ಕ್ಷಮಾದಾನವೂ ಸಿಕ್ಕಿತು. ಈ ಚಾರ್ಟರಿಸ್‌ನನ್ನು ಪೋಪ್ ತನ್ನ ಪದ್ಯದಲ್ಲಿ ಚೆನ್ನಾಗಿಯೇ ಝಾಡಿಸಿದ್ದಾನೆ, ಅದನ್ನು ಹೇಳದಿದ್ದರೆ ಅನ್ಯಾಯ. 1736ರಲ್ಲಿ ನ್ಯಾಯಾಧೀಶ ಮ್ಯಾಥ್ಯೂ ಹೇಲ್‌ನ ಗ್ರಂಥ, ಅವನು ಸತ್ತು 60 ವರ್ಷ ಆದ ಮೇಲೆ, ಅಚ್ಚಾಯಿತು. ಅತ್ಯಾಚಾರದ ಆರೋಪ ಹೊರಿಸುವುದು ಸುಲಭ, ಸಾಬೀತು ಮಾಡುವುದು ಕಷ್ಟ ಎಂಬ ಎಚ್ಚರಿಕೆ ಅದರಲ್ಲಿತ್ತು. ಗಂಡ ಹೆಂಡತಿಯ ಮೇಲೆ ಮಾಡಿದ್ದು ಅತ್ಯಾಚಾರ ಆಗುವುದಿಲ್ಲ ಎಂಬ ಮಾತೂ ಇತ್ತು. ಇಂಗ್ಲೆಂಡ್ ಅದನ್ನು 1991ರಲ್ಲಿ ಬಿಟ್ಟಿತು. 2024ರ ಜುಲೈನಿಂದ ಜಾರಿಗೆ ಬಂದ ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ವಿನಾಯಿತಿ ಇನ್ನೂ ಹಾಗೇ ಇದೆ.

ಕನ್ನಡದಲ್ಲಿ ಓದಿ ಬೆಳೆದವರಿಗೆ ಇಲ್ಲಿ ದ್ರೌಪದಿಯ ಮುಡಿ ನೆನಪಾಗದೆ ಇರುವುದಿಲ್ಲ. ರನ್ನನ ಗದಾಯುದ್ಧದಲ್ಲಿ ಆ ಬಿಚ್ಚಿದ ಮುಡಿಗೆ ದುರ್ಯೋಧನನ ತೊಡೆ ಮುರಿಯುವ ತನಕ ಸಮಾಧಾನ ಇಲ್ಲ. ದ್ರೌಪದಿಯ ಸಿಟ್ಟನ್ನು ಅಲ್ಲಿ ಯಾರೂ ಅಣಕಿಸುವುದಿಲ್ಲ. ಮಹಾಕಾವ್ಯದಲ್ಲಿ ಹೆಣ್ಣಿನ ಕೂದಲಿಗೆ ಕೈ ಹಾಕಿದರೆ ಕುರುಕ್ಷೇತ್ರ, ಅಣಕು ಮಹಾಕಾವ್ಯದಲ್ಲಿ ಅದೇ ಚಿಲ್ಲರೆ ವಿಷಯ.

ಈ 'ಚಿಲ್ಲರೆ' ಅನ್ನುವುದಕ್ಕೆ ಬ್ರಿಟಿಷರು ನಮ್ಮಲ್ಲಿ ಒಂದು ಸೆಕ್ಷನ್ನನ್ನೇ ಬರೆದಿಟ್ಟು ಹೋದರು. 1860ರ ಭಾರತೀಯ ದಂಡ ಸಂಹಿತೆಯ 95ನೇ ಸೆಕ್ಷನ್. ಸಾಮಾನ್ಯ ಬುದ್ಧಿ, ಸಾಮಾನ್ಯ ಸ್ವಭಾವದ ಯಾರೂ ದೂರು ಹೇಳದಷ್ಟು ಚಿಕ್ಕ ಹಾನಿಯಾದರೆ ಅದು ಅಪರಾಧ ಅಲ್ಲ. ಪೋಪನ ಅರ್ಪಣೆಯ 'ಒಳ್ಳೆಯ ಬುದ್ಧಿ, ಒಳ್ಳೆಯ ಮನಸ್ಸು' ಇಲ್ಲಿ ಕಪ್ಪು ಕೋಟು ಹಾಕಿಕೊಂಡು ನಿಂತಿದೆ. 1988ರಲ್ಲಿ ಚಂಡೀಗಢದ ಒಂದು ಪಾರ್ಟಿಯಲ್ಲಿ ಪಂಜಾಬಿನ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್ ತಮ್ಮ ಹಿಂಭಾಗಕ್ಕೆ ತಟ್ಟಿದರು ಎಂದು ಐಎಎಸ್ ಅಧಿಕಾರಿ ರೂಪನ್ ದೇವಲ್ ಬಜಾಜ್ ದೂರು ಕೊಟ್ಟರು. ಹೈಕೋರ್ಟು 1989ರಲ್ಲಿ ಇದೇ 95ನೇ ಸೆಕ್ಷನ್ ಹಿಡಿದು ಕೇಸನ್ನು ತಳ್ಳಿಹಾಕಿತು. 1995ರಲ್ಲಿ ಸುಪ್ರೀಂ ಕೋರ್ಟು, ಹೆಣ್ಣಿನ ಗೌರವಕ್ಕೆ ಧಕ್ಕೆ ತರುವುದು ಚಿಲ್ಲರೆ ವಿಷಯ ಆಗಲು ಸಾಧ್ಯವೇ ಇಲ್ಲ ಎಂದು ಕೇಸಿಗೆ ಮತ್ತೆ ಜೀವ ಕೊಟ್ಟಿತು. ಗಿಲ್ ತಪ್ಪಿತಸ್ಥ ಎಂಬ ತೀರ್ಪನ್ನು ಅದು ಕೊನೆಗೆ ಎತ್ತಿಹಿಡಿದಾಗ 2005. ಒಟ್ಟು ಹದಿನೇಳು ವರ್ಷ. ಅಷ್ಟೂ ಕಾಲ ಆಕೆಯ ಕಿವಿಗೆ ಬಿದ್ದ ಪ್ರಶ್ನೆ ಒಂದೇ: ಇಷ್ಟಕ್ಕೆಲ್ಲಾ ಇಷ್ಟೊಂದು ರಂಪ ಯಾಕಮ್ಮ?

ನಗು ಮಾತ್ರ ಎಲ್ಲೂ ಹೋಗಿಲ್ಲ. 2021ರ ಡಿಸೆಂಬರ್ 16ರಂದು ಬೆಳಗಾವಿ ಅಧಿವೇಶನದಲ್ಲಿ, ಸದನ ಹತೋಟಿಗೆ ಬರುತ್ತಿಲ್ಲ ಎಂದು ಸ್ಪೀಕರ್ ಕಾಗೇರಿ ಅಲವತ್ತುಕೊಂಡಾಗ, ಹಿಂದೆ ಅದೇ ಕುರ್ಚಿಯಲ್ಲಿ ಕೂತಿದ್ದ ರಮೇಶ್ ಕುಮಾರ್, ಅತ್ಯಾಚಾರ ತಪ್ಪಿಸಿಕೊಳ್ಳಲಾಗದಿದ್ದರೆ ಮಲಗಿ ಆನಂದಿಸು ಎಂಬರ್ಥದ ಹಳೇ ಜೋಕ್ ಹೇಳಿದರು. ಸ್ಪೀಕರ್ ನಕ್ಕರು. ಮರುದಿನ ರಮೇಶ್ ಕುಮಾರ್ ಕ್ಷಮೆ ಕೇಳಿದರು. ಆದರೆ ಆ ವಿಡಿಯೊದಲ್ಲಿ ನನಗೆ ಜಾಸ್ತಿ ಕಾಡಿದ್ದು ಮಾತಲ್ಲ, ಆ ನಗುವಿನ ಸಲೀಸುತನ. ನಮ್ಮ ಹಿಂದಿನ ಬೆಂಚಿನ ನಗು ಹಾಗೇ ಇತ್ತು.

ಕೂದಲಿನ ವಿಷಯಕ್ಕೇ ವಾಪಸ್ ಬರೋಣ. 2006ರಲ್ಲಿ ಇಂಗ್ಲೆಂಡಿನ ಹೈಕೋರ್ಟಿಗೆ ಒಂದು ಕೇಸು ಬಂತು. ಒಬ್ಬ ತನ್ನ ಮಾಜಿ ಗೆಳತಿಯ ಜುಟ್ಟನ್ನು ಅಡುಗೆಮನೆಯ ಕತ್ತರಿಯಿಂದ ಕತ್ತರಿಸಿದ್ದ. ಕೆಳಗಿನ ಕೋರ್ಟು ಅದು ದೈಹಿಕ ಹಾನಿ ಅಲ್ಲ ಎಂದಿತ್ತು. ತಲೆಯ ಮೇಲಿನ ಕೂದಲು ಹೇಗೂ ಸತ್ತ ವಸ್ತು, ಗಾಯವೂ ಇಲ್ಲ, ರಕ್ತವೂ ಇಲ್ಲ. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇದನ್ನು ಒಪ್ಪಲಿಲ್ಲ. ಸತ್ತದ್ದಾದರೂ ಅದು ತಲೆಗೆ ಅಂಟಿಕೊಂಡಿರುವ ತನಕ ದೇಹದ್ದೇ ಭಾಗ, ಕೇಳದೆ ಕತ್ತರಿಸಿದರೆ ಹಾನಿಯೇ ಎಂದರು. ಅರಬೆಲ್ಲಾ ಕೋಪ ಮಾಡಿಕೊಂಡು ಅಷ್ಟು ಹೊತ್ತಿಗೆ ಮುನ್ನೂರು ವರ್ಷಕ್ಕೆ ಐದು ಕಡಿಮೆ ಇತ್ತು.