ಎರೆ ಹೊಲಕ್ಕೆ ಪೊಟ್ಯಾಶ್ ಪರೀಕ್ಷೆ ಯಾಕೆ?

ಪ್ರಶ್ನೆ: ನಮ್ಮದು ಸಿಂಧನೂರು ಕಡೆ ಎರೆ (ಕಪ್ಪು ಮಣ್ಣಿನ) ಹೊಲ. ಕಾಲುವೆ ನೀರು, ವರ್ಷಕ್ಕೆ ಎರಡು ಬೆಳೆ ನೆಲ್ಲು. ಎರೆಯಲ್ಲಿ ಪೊಟ್ಯಾಶ್ ಇದ್ದೇ ಇರುತ್ತದೆ, ಪರೀಕ್ಷೆ ದಂಡ ಅಂತಾರೆ. ಹೌದೇ?

ಅಲ್ಲ. ಮುಂಗಾರು ಹತ್ತಿರ ಬಂದಾಗೆಲ್ಲ ಇದೇ ಪ್ರಶ್ನೆ, ಇದೇ ಉತ್ತರ. ಈ ಸಲ ಲೆಕ್ಕ ಹಾಕಿಯೇ ಹೇಳುತ್ತೇನೆ, ಪಕ್ಕದ ಹೊಲದವರಿಗೂ ಓದಿ ಹೇಳಿ.

ಎರೆಯಲ್ಲಿ ಪೊಟ್ಯಾಶ್ ಇದೆ ಎನ್ನುವುದು ಅರ್ಧ ನಿಜ, ಅದಕ್ಕೇ ಆ ಮಾತು ಸಾಯುತ್ತಿಲ್ಲ. ಮಣ್ಣಿನಲ್ಲಿ ನೂರಕ್ಕೆ ಒಂದು ಪಾಲು ಪೊಟ್ಯಾಶಿಯಂ ಇದ್ದರೂ ಮೇಲಿನ 15 ಸೆಂ.ಮೀ. ಪದರದಲ್ಲೇ ಹೆಕ್ಟೇರಿಗೆ ಸುಮಾರು 22,400 ಕಿಲೋ ಆಯಿತು. ಆದರೆ ಅದರಲ್ಲಿ ಬಹುಪಾಲು ಅಭ್ರಕದಂಥ ಖನಿಜಗಳಲ್ಲಿ, ಜೇಡಿಯ ಪದರಗಳ ನಡುವೆ ಸಿಕ್ಕಿಕೊಂಡಿದೆ. ಹಗೇವಿನ ತುಂಬ ಜೋಳ ಇದ್ದರೂ ಇವತ್ತಿನ ಊಟಕ್ಕೆ ಬುಟ್ಟಿಯಲ್ಲಿ ರೊಟ್ಟಿ ಬೇಕಲ್ಲ? ಬೇರು ಉಣ್ಣುವುದು ಬುಟ್ಟಿಯಲ್ಲಿದ್ದದ್ದನ್ನು. ಪ್ರಯೋಗಾಲಯ ಅಳೆಯುವುದೂ ಅದನ್ನೇ: ನೀರಿನಲ್ಲಿ ಕರಗಿದ್ದು ಮತ್ತು ಜೇಡಿಕಣದ ಮೈಗೆ ಅಂಟಿದ್ದು. ಹಗೇವಿನಿಂದ ಬುಟ್ಟಿಗೆ ಬರುವುದು ನಿಧಾನ. ಎರಡು ಬೆಳೆ ನೆಲ್ಲಿನ ವೇಗಕ್ಕೆ ಅದು ಸಾಲುವುದಿಲ್ಲ.

ಈಗ ಹೊರಗೆ ಹೋಗುವ ಲೆಕ್ಕ. ನೆಲ್ಲು ಹೀರಿದ ಪೊಟ್ಯಾಶ್‌ನಲ್ಲಿ ಹೆಚ್ಚಿನದು ಕಾಳಿನಲ್ಲಿಲ್ಲ, ಹುಲ್ಲಿನಲ್ಲಿದೆ. ಹುಲ್ಲಿನಲ್ಲಿ ನೂರಕ್ಕೆ ಒಂದೂವರೆ ಪಾಲು ಎಂದು ಹಿಡಿದರೆ ಒಂದು ಟನ್ ಹುಲ್ಲಿನ ಜೊತೆ 15 ಕಿಲೋ ಪೊಟ್ಯಾಶಿಯಂ, ಅಂದರೆ ಸುಮಾರು 30 ಕಿಲೋ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಶ್ ಗೊಬ್ಬರ) ಹೊಲ ಬಿಡುತ್ತದೆ. ಎಕರೆಗೆ ಎರಡು ಟನ್ ಹುಲ್ಲು ಬಣವೆಗೆ ಹೋದರೆ 50 ಕಿಲೋದ ಒಂದು ಚೀಲಕ್ಕಿಂತ ಹೆಚ್ಚಾಯಿತು, ಅದೂ ಒಂದೇ ಬೆಳೆಗೆ. ಡಿಎಪಿ, ಯೂರಿಯಾ ಎಷ್ಟು ಹಾಕಿದರೂ ಇದು ತುಂಬುವುದಿಲ್ಲ, ಎರಡರಲ್ಲೂ ಪೊಟ್ಯಾಶ್ ಇಲ್ಲ.

ಎರೆ ಮಾದರಿಗಳಲ್ಲಿ ಬಹಳಷ್ಟು "ಹೆಚ್ಚು" ಎಂದೇ ಬರುತ್ತವೆ, ಅದನ್ನು ಅಲ್ಲಗಳೆಯುವುದಿಲ್ಲ. ಹಾಗೆ ಬಂದರೆ ಗೊಬ್ಬರ ಕಡಿಮೆ ಮಾಡಿ, ದುಡ್ಡು ಉಳಿಸಿ. ಆದರೆ ಮೂರು ವರ್ಷಕ್ಕೊಮ್ಮೆ ಮತ್ತೆ ನೋಡಿ.

ಪರೀಕ್ಷೆ ಸರಳ. 5 ಗ್ರಾಂ ಮಣ್ಣಿಗೆ 25 ಮಿ.ಲೀ. ಅಮೋನಿಯಂ ಅಸಿಟೇಟ್ ದ್ರಾವಣ (ರಸಸಾರ, ಅಂದರೆ ಪಿಎಚ್ 7) ಹಾಕಿ, 5 ನಿಮಿಷ ಅಲುಗಾಡಿಸಿ, ಸೋಸಿ, ಜ್ವಾಲೆಯ ಬೆಳಕಿನಿಂದ ಪೊಟ್ಯಾಶಿಯಂ ಅಳೆಯುವ ಫ್ಲೇಮ್ ಫೋಟೋಮೀಟರಿನಲ್ಲಿ ಓದುತ್ತಾರೆ. ದ್ರಾವಣದಲ್ಲಿ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ಬಂದರೆ, ದ್ರಾವಣ ಮಣ್ಣಿನ ಐದು ಪಟ್ಟು ಇರುವುದರಿಂದ ಮಣ್ಣಿನಲ್ಲಿ 100, ಅದನ್ನು 2.24ರಿಂದ (ಹೆಕ್ಟೇರಿನ ಮೇಲ್ಪದರದ ಮಣ್ಣು 22.4 ಲಕ್ಷ ಕಿಲೋ ಎಂಬ ಲೆಕ್ಕ) ಗುಣಿಸಿದರೆ ಹೆಕ್ಟೇರಿಗೆ 224 ಕಿಲೋ ಪೊಟ್ಯಾಶಿಯಂ. ಅದು ಮಧ್ಯಮ. 108ಕ್ಕಿಂತ ಕೆಳಗೆ ಕಡಿಮೆ, 280ರ ಮೇಲೆ ಹೆಚ್ಚು. ವರದಿಯಲ್ಲಿ ಪೊಟ್ಯಾಶಿಯಂ (K) ಬದಲು ಪೊಟ್ಯಾಶ್ (K₂O, ಆಮ್ಲಜನಕವೂ ಸೇರಿದ ತೂಕ) ಎಂದು ಬರೆದಿದ್ದರೆ ಈ ಅಂಕಿಗಳನ್ನೆಲ್ಲ 1.2ರಿಂದ ಗುಣಿಸಿಕೊಳ್ಳಿ. ಎರಡನ್ನೂ ಕಲಸಿಕೊಂಡು "ನಮ್ಮ ಹೊಲ ಸುಧಾರಿಸಿತು" ಎಂದು ಖುಷಿಪಡುವವರು ಬಹಳ.

ತಪ್ಪು ಹೆಚ್ಚಾಗಿ ಹೊಲದಲ್ಲೇ ಆಗುತ್ತದೆ. ಖಾಲಿ ಗೊಬ್ಬರದ ಚೀಲದ ಮೇಲೆ ಮಣ್ಣು ಹರಡಬೇಡಿ. ಅರ್ಧ ಕಿಲೋ ಮಾದರಿಗೆ 50 ಮಿಲಿಗ್ರಾಂ ಎಂಒಪಿ, ಎಂದರೆ ನಾಲ್ಕಾರು ಹರಳು, ಬೆರೆತರೂ ಹೆಕ್ಟೇರಿಗೆ ಸುಮಾರು 112 ಕಿಲೋ ಪೊಟ್ಯಾಶಿಯಂ ಹೆಚ್ಚಾಗಿ ಕಾಣುತ್ತದೆ. "ಕಡಿಮೆ" ಇದ್ದ ಹೊಲ ಕಾಗದದಲ್ಲಿ "ಮಧ್ಯಮ" ಆಗಿಬಿಡುತ್ತದೆ. ಪ್ಲಾಸ್ಟಿಕ್ ಬುಟ್ಟಿ ಬಳಸಿ. ಅಂಕುಡೊಂಕಾಗಿ ನಡೆದು 10-15 ಕಡೆ 15 ಸೆಂ.ಮೀ. ಆಳದ 'ವಿ' ಆಕಾರದ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳತನಕ ಒಂದೇ ದಪ್ಪದ ಮಣ್ಣು ಕೆರೆದುಕೊಳ್ಳಿ. ಒಣಗಿಸುವುದು ನೆರಳಲ್ಲಿ ಮಾತ್ರ. ಎರೆಯನ್ನು ಮಾಳಿಗೆ ಬಿಸಿಲಿಗೆ ಹಾಕಿ ಕಾಯಿಸಿದರೆ ಜೇಡಿ ಕುಗ್ಗಿ, ಪೊಟ್ಯಾಶಿಯಂ ಹೊರಬರಬಹುದು ಇಲ್ಲವೇ ಒಳಗೆ ಸಿಕ್ಕಿಕೊಳ್ಳಬಹುದು. ಅಂಕಿ ಹೊಲದ್ದಾಗಿ ಉಳಿಯುವುದಿಲ್ಲ.

ಇನ್ನೊಂದು, ಯಾರೂ ಕೇಳದ್ದು. ಮಷೀನು ಕೊಯ್ದು ಸಾಲಾಗಿ ಬಿಟ್ಟ ಹುಲ್ಲನ್ನು ಸುಟ್ಟರೆ ಸಾರಜನಕ ಗಾಳಿಗೆ ಹೋಗುತ್ತದೆ, ಪೊಟ್ಯಾಶ್ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ. ಆದರೆ ಹೊಲಕ್ಕೆಲ್ಲ ಹರಡಿ ಅಲ್ಲ, ಆ ಸಾಲಿನಲ್ಲೇ. ಸುಡಬೇಡಿ. ಸುಟ್ಟಾಗಿದ್ದರೆ ಬೂದಿ ಸಾಲಿನ ಮೇಲೆ ಗುಂಡಿ ತೋಡಬೇಡಿ, ಅಡ್ಡಡ್ಡ ಎರಡು ಸಲ ಕುಂಟೆ ಹೊಡೆದು ಮಣ್ಣು ಬೆರೆತ ಮೇಲೆ ಮಾದರಿ ತೆಗೆಯಿರಿ.